ಸಾಲದ ಕರೆಗಳು ನಿಲ್ಲದಿದ್ದಾಗ

ಕಂತು ಕಡಿಮೆ ಮಾಡಿಕೊಡಿ ಎಂದು ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದೀರಿ. ಉತ್ತರ ಬಂದಿಲ್ಲ, ವಸೂಲಿಯವರ ಫೋನ್ ಮಾತ್ರ ದಿನಕ್ಕೆ ಹತ್ತು ಸಲ. ಕಳೆದ ವರ್ಷ ನನ್ನದೂ ಇದೇ ಗೋಳು.

ಫೋನ್ ಎತ್ತದೆ ಸುಮ್ನೆ ಕೂರಬೇಡಿ. ಒಮ್ಮೆ ಎತ್ತಿ, "ಇಂಥ ತಾರೀಖು ಅರ್ಜಿ ಕೊಟ್ಟಿದ್ದೇನೆ, ಇನ್ನು ಏನಿದ್ದರೂ ಇಮೇಲ್ ಮಾಡಿ" ಎಂದು ಹೇಳಿ ಇಟ್ಟುಬಿಡಿ. ಜಗಳ ಬೇಡ. ಒತ್ತಡಕ್ಕೆ ಬಿದ್ದು "ನಾಳೆ ಐದು ಸಾವಿರ ಹಾಕುತ್ತೇನೆ" ಎಂದು ಮಾತ್ರ ಒಪ್ಪಿಕೊಳ್ಳಬೇಡಿ. ನಾನು ಒಪ್ಪಿ, ಆ ತಿಂಗಳು ಬಾಡಿಗೆಗೆ ಪರದಾಡಿದೆ!

ಪ್ರತಿ ಕರೆಯ ದಿನ, ಹೊತ್ತು, ಮಾತಾಡಿದವರ ಹೆಸರು ಬರೆದಿಡಿ. ಇದು ಆಮೇಲೆ ತುಂಬಾ ಕೆಲಸಕ್ಕೆ ಬರುತ್ತದೆ. ಆರ್‌ಬಿಐ 2022ರಲ್ಲಿ ಹೇಳಿರುವಂತೆ, ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿ ವಸೂಲಿಗೆ ಕರೆ ಮಾಡುವಂತಿಲ್ಲ. ಬೈಯುವುದು, ನೆಂಟರ ಮುಂದೆ ಮಾನ ಕಳೆಯುವುದೂ ತಪ್ಪೇ. ಹಾಗೆ ಮಾಡಿದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಯಾದ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ, ದುಡ್ಡು ಖರ್ಚಿಲ್ಲ.

ಇನ್ನೊಂದು ಮಾತು. ಬ್ಯಾಂಕಿನ ಒಪ್ಪಿಗೆ ಪತ್ರ ಕೈಗೆ ಬರುವವರೆಗೂ ಏಜೆಂಟರ ಬಾಯಿಮಾತು ನಂಬಬೇಡಿ. ಅವರ ಸ್ವಂತ ಯುಪಿಐಗಂತೂ ಒಂದು ರೂಪಾಯಿಯನ್ನೂ ಹಾಕಬೇಡಿ.