ಪಿಕಪ್ ತೊಟ್ಟಿಯ ಕವರ್: ಸೋರಿಕೆ ನಿಲ್ಲಿಸಿದ್ದು ಹೀಗೆ

ಸಕಲೇಶಪುರದ ಮಳೆಗೆ ನಮ್ಮ ಹೈಲಕ್ಸ್ ಪಿಕಪ್‌ನ ಹಿಂದೆ ಸಾಮಾನು ಹಾಕುವ ತೊಟ್ಟಿಯಲ್ಲಿ ಗೊಬ್ಬರದ ಚೀಲ ಒದ್ದೆಯಾಗುತ್ತಿತ್ತು. ಮೂರಾಗಿ ಮಡಚುವ ಗಟ್ಟಿ ಕವರ್ ಆರಿಸಿದೆ. ಸುರುಳಿ ಸುತ್ತುವ ಮೆತ್ತನೆಯದು ಅಗ್ಗ, ಆದರೆ ಬ್ಲೇಡಿಗೆ ಹರಿಯುತ್ತದೆ. ಕಳ್ಳರಿಗೆ ಸುಲಭ ಅಲ್ವಾ?

ಹಾಕಿಸಿದ ಮೇಲೂ ಕ್ಯಾಬಿನ್ ಕಡೆಯ ಮೂಲೆಯಲ್ಲಿ ನೀರು. ಕವರ್ ಹಿಡಿದಿಡುವ ಕ್ಲ್ಯಾಂಪ್ ಇನ್ನೂ ಬಿಗಿ ಮಾಡಿ ಅಂದರು ಅಂಗಡಿಯವರು. ಸುಮ್ನೆ ಬಿಗಿದರೆ ರಬ್ಬರ್ ನಜ್ಜಾಗುತ್ತದೆ, ಅಷ್ಟೇ. ಎಲ್ಲ ಸಡಿಲಿಸಿ, ಕವರ್ ಕೂರುವ ಪಕ್ಕದ ಪಟ್ಟಿಗಳ ಮೂಲೆಯಿಂದ ಎದುರು ಮೂಲೆಗೆ ಅಳತೆ ಟೇಪ್ ಹಿಡಿದೆ. ಎರಡು ಅಳತೆಯೂ ಬೇರೆ ಬೇರೆ! ಪಟ್ಟಿಗಳು ಓರೆಯಾಗಿ ಕೂತಿದ್ದವು. ಅಳತೆ ಸಮ ಬರುವವರೆಗೆ ಸರಿಸಿ, ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ ಬಿಗಿದೆ. ಮುಂದಿನ ಅಂಚನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ, ಫೋಮ್ ಪಟ್ಟಿ ಅಂಟಿಸಿದೆ. ತೊಟ್ಟಿಯ ಹಿಂಬಾಗಿಲು, ಅಂದರೆ ಟೈಲ್‌ಗೇಟ್ ಸಂದಿಗೆ ರಬ್ಬರ್ ಬೀಡಿಂಗ್.

ಜೋರು ಮಳೆಯಲ್ಲಿ ಈಗಲೂ ನಾಲ್ಕು ಹನಿ ಇಳಿಯುತ್ತದೆ. ಚೀಲ ಮಾತ್ರ ಒಣಗೇ ಇರುತ್ತದೆ.