ಅಲೆ ಅಳಿಸಿದ ಸ್ಪೈನೋಸಾರಸ್: ನನ್ನ ಅನುಭವ

ಸ್ಪೈನೋಸಾರಸ್‌ನಂಥ ಹದಿನಾಲ್ಕು ಮೀಟರ್ ಉದ್ದದ ಪ್ರಾಣಿಯನ್ನು ಎರಡನೆಯ, ಮೂರನೆಯ ತರಗತಿಯ ಮಕ್ಕಳಿಗೆ ಪರಿಚಯಿಸಲು ಗೋಡೆಯ ಚಿತ್ರಕ್ಕಿಂತ ಕಡಲಂಚಿನ ಮರಳಿನ ಮೇಲೆ ಬಿಡಿಸಿದ ಚಿತ್ರವೇ ಒಳ್ಳೆಯದೆಂದು ನಾನು ಸುತ್ತಲಿನ ಶಾಲೆಗಳ ಶಿಕ್ಷಕರ ಕ್ಲಸ್ಟರ್ ಸಭೆಯಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ಮಗ್ಗಿ ಬಾರದ ಮಕ್ಕಳಿಗೆ ಡೈನೋಸಾರ್ ಏತಕ್ಕೆ ಎಂದು ಹಿರಿಯ ಶಿಕ್ಷಕರೊಬ್ಬರು ಕೇಳಿದರು. ಈಗ ಮೂರು ವರ್ಷಗಳಿಂದ ಕಾರವಾರ ಮತ್ತು ಅಂಕೋಲೆಯ ನಡುವಿನ ನಮ್ಮ ಕಡಲಂಚಿನ ಶಾಲೆಯಲ್ಲಿ ಇದು ಸರಾಗವಾಗಿ ನಡೆಯುತ್ತಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಕಳೆದುಕೊಂಡ ಹಣದ ಲೆಕ್ಕ. 2019ರ ಡಿಸೆಂಬರ್‌ನಲ್ಲಿ ಶಾಲೆಯ ಹಿಂಗೋಡೆಯ ಮೇಲೆ ಈ ಪ್ರಾಣಿಯ ಚಿತ್ರ ಬರೆಸಿದೆ. ನೆನಪಿನ ಪ್ರಕಾರ ಆರೂವರೆ ಸಾವಿರ ರೂಪಾಯಿ ತಗಲಿತು. ಅರ್ಧ ಶಾಲಾಭಿವೃದ್ಧಿ ಸಮಿತಿಯದು (ಎಸ್‌ಡಿಎಂಸಿ), ಉಳಿದರ್ಧ ನನ್ನ ಜೇಬಿನದು. ಕಲಾವಿದರು ಹಳೆಯ ಪುಸ್ತಕವೊಂದನ್ನು ನೋಡಿ, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ, ಉಡದಂತೆ ಸಣಕಲು ಬಾಲದ ಪ್ರಾಣಿಯನ್ನು ಬಿಡಿಸಿದರು. ಬಣ್ಣ ಬಳಿದು ಐದು ತಿಂಗಳೂ ಆಗಿರಲಿಲ್ಲ, 2020ರ ಏಪ್ರಿಲ್‌ನಲ್ಲಿ ಮೊರೊಕ್ಕೊದ ಕೆಮ್ ಕೆಮ್ ಪ್ರದೇಶದಲ್ಲಿ ಸಿಕ್ಕ ಬಾಲದ ಎಲುಬುಗಳ ವಿವರ ಪ್ರಕಟವಾಯಿತು. ಬಾಲವು ದೋಣಿಯ ಹುಟ್ಟಿನಂತೆ ಅಗಲವಾಗಿ, ಮೇಲಕ್ಕೆ ಎತ್ತರವಾಗಿ ಇತ್ತೆಂದು ಅದರಿಂದ ತಿಳಿಯಿತು. ನನ್ನ ಆರೂವರೆ ಸಾವಿರದ ಗೋಡೆ ಒಂದೇ ದಿನದಲ್ಲಿ ಹಳತಾಯಿತು. ಅದರ ಮೇಲೆ ಸುಣ್ಣ ಹೊಡೆಸಲು ಮತ್ತೆ ಎಂಟುನೂರು ಹೋಯಿತು.

ಆ ಬಳಿಕ ಪ್ರೊಜೆಕ್ಟರ್ ತಂದು ವಿಡಿಯೊ ತೋರಿಸಿದೆ. ಗರ್ಜನೆ ಕೇಳಿದ ಒಬ್ಬ ಹುಡುಗಿ ನಾಲ್ಕು ದಿನ ಹೊಳೆ ದಾಟಿ ಶಾಲೆಗೆ ಬರಲು ಒಪ್ಪಲಿಲ್ಲ. ಮತ್ತೊಬ್ಬನ ಅಜ್ಜಿ ನೇರವಾಗಿ ಶಾಲೆಗೇ ಬಂದು, ಕಾಳಿ ಹೊಳೆಯಲ್ಲಿ ಅಂಥದ್ದು ಇದೆಯೆಂದು ಮೊಮ್ಮಗ ಹೇಳುತ್ತಿದ್ದಾನೆ, ನಿಜವೇ ಎಂದು ವಿಚಾರಿಸಿದರು. ತಪ್ಪು ನನ್ನದೇ. ದಾಂಡೇಲಿಯ ಮೊಸಳೆಗಳನ್ನು ಪ್ರವಾಸದಲ್ಲಿ ನೋಡಿ ಬಂದಿದ್ದ ಮಕ್ಕಳಿಗೆ, ಇದರ ಎಲುಬು ಸಿಕ್ಕಿದ್ದು ಉತ್ತರ ಆಫ್ರಿಕದಲ್ಲಿ, ಅದು ಬದುಕಿದ್ದುದು ಸುಮಾರು 9.5 ಕೋಟಿ ವರ್ಷಗಳ ಹಿಂದೆ ಎಂದು ಮೊದಲೇ ಹೇಳಿರಲಿಲ್ಲ. ಬಿದಿರು ಮತ್ತು ಗೋಣಿಚೀಲದಿಂದ ಕಟ್ಟಿದ ಮಾದರಿಗೆ ಮೂರು ಸಾವಿರ ಸುರಿದುದು, ಅದು ಕಡಲ ಗಾಳಿಗೆ ಪಕ್ಕದ ತೋಟಕ್ಕೆ ಹಾರಿದುದು ಬೇರೆಯೇ ಕಥೆ.

ಮರಳಿನ ಕೆಲಸಕ್ಕೆ ನಾನು ಖರ್ಚು ಮಾಡಿದ್ದು ಹೆಚ್ಚೆಂದರೆ ಮುನ್ನೂರು ರೂಪಾಯಿ: ಮೀಟರಿಗೊಂದು ಗಂಟು ಹಾಕಿದ ನೈಲಾನ್ ಹಗ್ಗ, ನಾಲ್ಕು ಗೂಟ, ಒಂದಿಷ್ಟು ರಂಗೋಲಿ ಪುಡಿ. ದೀಪಾವಳಿಯ ನಂತರ ಕಡಲು ಶಾಂತವಾಗಿರುವಾಗ, ಇಳಿತದ ಹೊತ್ತು ಶಾಲಾ ಸಮಯಕ್ಕೆ ಹೊಂದುವ ದಿನವನ್ನು ಆರಿಸಿಕೊಳ್ಳುತ್ತೇನೆ. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುವುದನ್ನು ನಮ್ಮ ಮಕ್ಕಳಿಗೆ ಕಲಿಸಬೇಕಾಗಿಲ್ಲ. ಅವರೇ ನನಗೆ ತಿದ್ದುತ್ತಾರೆ. ರಂಪಣಿ ಬಲೆ ಎಳೆಯುವ ಇಬ್ಬರು ಪಾಲಕರನ್ನು ನೀರಿನ ಕಡೆ ನಿಲ್ಲಿಸದೆ ಒಂದು ಗೆರೆಯನ್ನೂ ಎಳೆಯಬಾರದು.

ಚಿತ್ರವನ್ನು ಬಾಲದಿಂದಲೋ ಬೆನ್ನಿನಿಂದಲೋ ಆರಂಭಿಸಿದರೆ ಕೆಡುತ್ತದೆ, ಬಾಯಿಯಿಂದಲೇ ಆರಂಭಿಸಬೇಕು. ಮೀನುಗಾರರ ಮಕ್ಕಳಿಗೆ ಯಾವ ಪ್ರಾಣಿಯೂ ಮೊದಲು ಅರ್ಥವಾಗುವುದು ಅದು ಏನನ್ನು, ಹೇಗೆ ಹಿಡಿಯುತ್ತದೆ ಎಂಬುದರಿಂದ. ಪಾಲಕರೊಬ್ಬರು ಬೈತ್‌ಕೋಲ ಮೀನುಗಾರಿಕೆ ಬಂದರಿನಿಂದ ತಂದುಕೊಟ್ಟ ಹಾವುಮೀನಿನ ತಲೆಯನ್ನು ಮಕ್ಕಳ ಮುಂದಿಟ್ಟೆ. ಅದರ ಪಕ್ಕದಲ್ಲಿ ಒಂದು ಈಳಿಗೆಮಣೆ, ಒಂದು ದಪ್ಪ ಮೊಳೆ. ಮಾಂಸ ಕೊಯ್ಯುವ ಇತರ ಡೈನೋಸಾರ್‌ಗಳ ಹಲ್ಲಿನ ಅಂಚು, ಈಳಿಗೆಮಣೆಯ ಕಾಯಿ ತುರಿಯುವ ತುದಿಯಂತೆ ಕಚ್ಚುಕಚ್ಚಾಗಿರುತ್ತದೆ. ಸ್ಪೈನೋಸಾರಸ್‌ನ ಹಲ್ಲು ಮೊಳೆಯಂತೆ ನುಣುಪು, ಶಂಕುವಿನ ಆಕಾರ. ಜಾರುವ ಮೀನಿಗೆ ಯಾವುದು ಬೇಕು ಎಂದು ಕೇಳಿದೆ. ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ಈಳಿಗೆಮಣೆಯತ್ತ ಕೈ ತೋರಿಸಲಿಲ್ಲ. ಒಬ್ಬಳಂತೂ ಮೊಳೆಯನ್ನು ಎತ್ತಿಕೊಂಡು, ಚುಚ್ಚಿದ ಮೇಲೆ ಮೀನು ಒದ್ದಾಡಿದಷ್ಟೂ ಬಿಗಿಯಾಗುತ್ತದೆ ಎಂದು ನನಗೇ ವಿವರಿಸಿದಳು.

ತಲೆಗೆ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಕೊಡಿ. ಮೂಗಿನ ಹೊಳ್ಳೆಗಳನ್ನು ಮೂತಿಯ ತುದಿಯಲ್ಲಿ ಹಾಕದೆ ಕಣ್ಣಿನ ಕಡೆಗೆ ಹಿಂದಕ್ಕೆ ಸರಿಸಿ. ಮೂತಿ ನೀರಿನಲ್ಲಿದ್ದರೂ ಉಸಿರಾಡಬಹುದೆಂಬುದನ್ನು ಮಕ್ಕಳು ಬಕೆಟ್ಟಿನಲ್ಲಿ ಬಾಯಿ ಅದ್ದಿ ತಾವೇ ಕಂಡುಕೊಂಡರು. ಹಿಂಗಾಲು ಗಿಡ್ಡ. ಬೆನ್ನಿನ ಮೇಲಿನ ಮುಳ್ಳೆಲುಬುಗಳಲ್ಲಿ ಎತ್ತರವಾದವು ಒಂದೂವರೆ ಮೀಟರಿಗೂ ಮೀರುತ್ತವೆ, ಅಂದರೆ ಒಂದೊಂದು ಎಲುಬೂ ಮೂರನೆಯ ತರಗತಿಯ ಮಗುವಿಗಿಂತ ಎತ್ತರ. ಉದ್ದ ಸರಿಯಾಯಿತೇ ಎಂದು ನೋಡಲು ಹಗ್ಗವೂ ಬೇಡ: ಆ ತರಗತಿಯ ಹನ್ನೆರಡು ಮಕ್ಕಳು ತಲೆಗೆ ಕಾಲು ತಾಗಿಸಿ ಸಾಲಾಗಿ ಮಲಗಿದರೆ ಮೂತಿಯಿಂದ ಬಾಲದ ತುದಿಯವರೆಗೆ ತಲುಪುತ್ತಾರೆ. ಕಣ್ಣನ್ನು ಮಾತ್ರ ನಾನು ಕೊನೆಗೆ, ಒಂದು ವಿಶೇಷ ರೀತಿಯಲ್ಲಿ ಇಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಕಡಲಿಗೆ ಬಂದವರಿಗೆ ತೋರಿಸುತ್ತೇನೆ.

ಬೆನ್ನಿನ ಆ ರಚನೆಗೆ ಮೊದಲ ವರ್ಷ ನಾನು ‘ಹಾಯಿ’ ಎಂದು ಹೆಸರಿಟ್ಟು ಕೈಸುಟ್ಟುಕೊಂಡೆ. ಹಾಯಿ ಎಂದ ಮೇಲೆ ಪ್ರಾಣಿ ಗಾಳಿಗೆ ತೇಲಿಹೋಗುತ್ತಿತ್ತೆಂದು ಇಡೀ ತರಗತಿ ನಂಬಿತು, ತಿಂಗಳಾದರೂ ಬಿಡಲಿಲ್ಲ. ಈಗ ‘ಬೆನ್ನುಮುಳ್ಳು’ ಎನ್ನುತ್ತೇನೆ. ಅದು ಏತಕ್ಕೆ ಇತ್ತೆಂಬುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವೆಂದು ಮಕ್ಕಳಿಗೆ ಹಾಗೆಯೇ ಹೇಳುತ್ತೇನೆ. ನವಿಲಿನ ಗರಿಯಂತೆ ತೋರಿಸಿಕೊಳ್ಳಲು ಎಂಬ ಊಹೆ ಅವರಿಗೆ ಹೆಚ್ಚು ಹಿಡಿಸುತ್ತದೆ.

ಬಾಲದ ವಿಷಯಕ್ಕೆ ಬಂದರೆ, 2020ರ ಸಂಶೋಧಕರು ಪ್ಲಾಸ್ಟಿಕ್ಕಿನ ಬಾಲಗಳನ್ನು ಯಂತ್ರಕ್ಕೆ ಕಟ್ಟಿ ನೀರಿನಲ್ಲಿ ಆಡಿಸಿ ನೋಡಿದ್ದರು. ನಾನು ಅಡಿಕೆ ಹಾಳೆಯನ್ನು ಎರಡು ಆಕಾರದಲ್ಲಿ ಕತ್ತರಿಸಿ, ಕೋಲಿಗೆ ಕಟ್ಟಿ, ಶಾಲೆಯ ನೀರಿನ ತೊಟ್ಟಿಯಲ್ಲಿ ಮಕ್ಕಳ ಕೈಯಿಂದಲೇ ಆಡಿಸಿದೆ. ಅಗಲ ಬಾಲ ನೀರನ್ನು ತಳ್ಳುವ ಬಲ ಅವರ ಮಣಿಕಟ್ಟಿಗೇ ತಿಳಿಯಿತು. ಹಾಳೆ ನೆನೆದು ಮೂರನೆಯ ದಿನಕ್ಕೆ ಮುದುಡಿತು. ಒಂದೇ ದಿನದಲ್ಲಿ ಮುಗಿಸಿಬಿಡಿ. ಎಲುಬಿನ ಪ್ರಯೋಗಕ್ಕೆ ಒಂದೇ ಅಳತೆಯ ಎರಡು ಪಿವಿಸಿ ತುಂಡುಗಳು ಸಾಕು. ಒಂದನ್ನು ಟೊಳ್ಳಾಗಿಯೇ ಬಿಟ್ಟು, ಇನ್ನೊಂದಕ್ಕೆ ಹಸಿ ಮರಳು ತುಂಬಿ, ಎರಡರ ಬಾಯಿಗಳನ್ನೂ ನೀರು ಹೋಗದಂತೆ ಬಿಗಿಯಬೇಕು. ತೇಲಿದ್ದು ಯಾವುದು, ಮುಳುಗಿದ್ದು ಯಾವುದು ಎಂದು ಹೇಳಬೇಕಾಗಿಲ್ಲ. ಈ ಪ್ರಾಣಿಯ ಎಲುಬು ಗಟ್ಟಿಯಾಗಿ ತುಂಬಿಕೊಂಡಿದ್ದುದರಿಂದ ಅದು ಮುಳುಗಿ ಬೇಟೆಯಾಡುತ್ತಿತ್ತೆಂದು 2022ರಲ್ಲಿ ಒಂದು ತಂಡ ವಾದಿಸಿತು; ಅದೇ ವರ್ಷ ಇನ್ನೊಂದು ತಂಡ, ಅದು ಒಳ್ಳೆಯ ಈಜುಗಾರನೇ ಅಲ್ಲ, ದಡದಲ್ಲಿ ಕಾದು ನಿಂತು ಮೀನು ಹಿಡಿಯುತ್ತಿತ್ತೆಂದು ಎದುರು ವಾದ ಮಂಡಿಸಿತು. ನಮ್ಮ ತರಗತಿಯಲ್ಲೂ ‘ಮೊಸಳೆ ಪಕ್ಷ’ ಮತ್ತು ‘ಬೆಳ್ಳಕ್ಕಿ ಪಕ್ಷ’ ಎಂದು ಎರಡಾದವು. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬೆಳ್ಳಕ್ಕಿಯನ್ನು ದಿನವೂ ನೋಡುವವರ ವಾದವೇ ಹೆಚ್ಚು ಗಟ್ಟಿಯಾಗಿತ್ತೆಂದು ನನ್ನ ಅನಿಸಿಕೆ.

ಆದರೆ ಇಡೀ ಪಾಠಕ್ಕೆ ಜೀವ ಬಂದದ್ದು ಎರಡನೆಯ ದಿನ. ಈಜಿಪ್ಟಿನ ಬಹರಿಯಾದಲ್ಲಿ 1912ರಲ್ಲಿ ಸಿಕ್ಕ ಎಲುಬುಗಳಿಗೆ ಜರ್ಮನಿಯ ವಿಜ್ಞಾನಿ ಅರ್ನ್‌ಸ್ಟ್ ಸ್ಟ್ರೋಮರ್ 1915ರಲ್ಲಿ ಹೆಸರಿಟ್ಟರು. ಆ ಎಲುಬುಗಳೆಲ್ಲ 1944ರ ಏಪ್ರಿಲ್‌ನಲ್ಲಿ, ಅವುಗಳನ್ನು ಇಟ್ಟಿದ್ದ ಮ್ಯೂನಿಕ್ ನಗರದ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ನಾಶವಾದವು. ಉಳಿದವು ಅವರ ಬರಹ ಮತ್ತು ಚಿತ್ರಗಳು. ಇದನ್ನು ನಾನು ಮೊದಲ ದಿನ ಹೇಳುವುದೇ ಇಲ್ಲ. ಭರತ ಏರುವ ಮೊದಲು ಪ್ರತಿ ಮಗುವೂ ಹೆಜ್ಜೆಯಿಂದ ಅಳೆದು ತನ್ನ ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳಬೇಕು ಎಂದಷ್ಟೇ ಹೇಳಿ ಮರಳುತ್ತೇನೆ. ಮರುದಿನ ಖಾಲಿ ಮರಳಿನ ಮುಂದೆ ನಿಲ್ಲಿಸಿ, ಸ್ಟ್ರೋಮರ್ ಕಥೆ ಹೇಳಿ, ನಿಮ್ಮ ಪುಸ್ತಕಗಳನ್ನು ನೋಡಿಯೇ ಪ್ರಾಣಿಯನ್ನು ಮರಳಿ ಕಟ್ಟಿ ಎನ್ನುತ್ತೇನೆ. ಮೊದಲ ವರ್ಷ ಬಾಲವನ್ನು ಸರಿಯಾಗಿ ಬರೆದುಕೊಂಡಿದ್ದ ಒಬ್ಬನೇ ಹುಡುಗ ಜ್ವರದಿಂದ ರಜೆ ಹಾಕಿದ್ದ. ಉಳಿದವರು ಎರಡು ಗಂಟೆ ಜಗಳವಾಡಿ ಮತ್ತದೇ ಸಣಕಲು ಬಾಲವನ್ನು ಎಳೆದರು. ಅವನು ಮೂರನೆಯ ದಿನ ಪುಸ್ತಕ ಹಿಡಿದು ಓಡಿಬಂದಾಗ ಸಿಕ್ಕ ಸ್ವಾಗತ ಶಾಲಾ ವಾರ್ಷಿಕೋತ್ಸವದ ಅತಿಥಿಗೂ ಸಿಕ್ಕಿಲ್ಲ. ಕಾಲಿನಿಂದ ಹಳೆಯ ಬಾಲವನ್ನು ಅಳಿಸಿ, ಹೊಸದನ್ನು ಎಳೆದದ್ದು ಹತ್ತೇ ನಿಮಿಷದ ಕೆಲಸ, ಸುಣ್ಣದ ಖರ್ಚಿಲ್ಲ.

ಕಳೆದ ವರ್ಷ ಇದನ್ನು ನೋಡಲು ಬಂದವರಲ್ಲಿ ಮಗ್ಗಿಯ ಪ್ರಶ್ನೆ ಕೇಳಿದ್ದ ಆ ಹಿರಿಯ ಶಿಕ್ಷಕರೂ ಇದ್ದರು. ಹೆಚ್ಚು ಮಾತನಾಡಲಿಲ್ಲ. ಹೋಗುವಾಗ ಗಂಟು ಹಾಕಿದ ನನ್ನ ಹಗ್ಗವನ್ನು ಒಂದು ವಾರದ ಮಟ್ಟಿಗೆಂದು ಕೇಳಿ ಒಯ್ದರು. ಇನ್ನೂ ಹಿಂದಿರುಗಿಸಿಲ್ಲ, ಈ ದೀಪಾವಳಿಗೆ ನಾನು ಹೊಸ ಹಗ್ಗ ಕೊಳ್ಳಬೇಕಾಗಿದೆ.