ಪರಮಾಣುವಿನ ಕಣಗಳನ್ನು ಲೆಕ್ಕ ಹಾಕುವ ಕ್ರಮ

ಒಂದು ಪರಮಾಣುವಿನಲ್ಲಿ ಯಾವ ಕಣ ಎಷ್ಟಿದೆ ಎಂದು ಲೆಕ್ಕ ಹಾಕಲು ಹೊರಟವರು ಯಾವಾಗಲೂ ಪ್ರೋಟಾನಿನಿಂದಲೇ ಆರಂಭಿಸಬೇಕು, ಏಕೆಂದರೆ ಧಾತು ಯಾವುದೆಂದು ನಿರ್ಧರಿಸುವುದು ಅದೊಂದೇ. ಆವರ್ತ ಕೋಷ್ಟಕದಲ್ಲಿ ಕಬ್ಬಿಣದ ಪರಮಾಣು ಸಂಖ್ಯೆ 26. ಅಂದರೆ ಅದರ ನ್ಯೂಕ್ಲಿಯಸ್ಸಿನಲ್ಲಿ 26 ಪ್ರೋಟಾನ್‌ಗಳಿವೆ. ಎಲೆಕ್ಟ್ರಾನ್‌ಗಳು ಹೋದರೂ ನ್ಯೂಟ್ರಾನ್‌ಗಳ ಸಂಖ್ಯೆ ಬೇರೆಯಾದರೂ ಅದು ಕಬ್ಬಿಣವೇ, ಆದರೆ ಪ್ರೋಟಾನ್ ಒಂದು ಹೆಚ್ಚಾದರೆ ಅದು ಕೋಬಾಲ್ಟ್.

ಮುಂದಿನದು ನ್ಯೂಟ್ರಾನ್. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆಯೇ ರಾಶಿ ಸಂಖ್ಯೆ; ಅದರಿಂದ ಪರಮಾಣು ಸಂಖ್ಯೆಯನ್ನು ಕಳೆದರೆ ನ್ಯೂಟ್ರಾನ್‌ಗಳ ಸಂಖ್ಯೆ ಸಿಗುತ್ತದೆ: ರಾಶಿ ಸಂಖ್ಯೆ 56 ಇರುವ ಕಬ್ಬಿಣ-56ರಲ್ಲಿ 30. ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರವಾಗಿದ್ದು, ನ್ಯೂಟ್ರಾನ್ ಅದಕ್ಕಿಂತಲೂ ತುಸು ಹೆಚ್ಚು ತೂಗುವುದರಿಂದ, ರಾಶಿ ಸಂಖ್ಯೆಯಲ್ಲಿ ಎಲೆಕ್ಟ್ರಾನ್‌ಗಳಿಗೆ ಸ್ಥಾನವಿಲ್ಲ. ವಿದ್ಯುದಾವೇಶವಿಲ್ಲದ ಈ ನ್ಯೂಟ್ರಾನ್ ಬಹುಕಾಲ ಕಣ್ತಪ್ಪಿಸಿಕೊಂಡೇ ಇತ್ತು; ಎಲೆಕ್ಟ್ರಾನನ್ನು ಜೆ. ಜೆ. ಥಾಮ್ಸನ್ 1897ರಲ್ಲೇ ಗುರುತಿಸಿದ್ದರೂ, ನ್ಯೂಟ್ರಾನ್ ಜೇಮ್ಸ್ ಚಾಡ್ವಿಕ್ ಅವರ ಕೈಗೆ ಸಿಕ್ಕಿದ್ದು 1932ರಲ್ಲಿ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಕೋಷ್ಟಕದಲ್ಲಿ ದಶಮಾಂಶದೊಂದಿಗೆ ಅಚ್ಚಾಗಿರುವ ಅಂಕಿ ರಾಶಿ ಸಂಖ್ಯೆಯಲ್ಲ, ಆ ಧಾತುವಿನ ಐಸೋಟೋಪುಗಳ (ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆಯಾಗಿರುವ ರೂಪಗಳ) ಸರಾಸರಿ ಪರಮಾಣು ರಾಶಿ. ಬ್ರೋಮಿನ್‌ಗೆ ಅಲ್ಲಿ 79.90 ಎಂದಿರುತ್ತದೆ. ಅದನ್ನು 80 ಎಂದು ಪೂರ್ಣಾಂಕ ಮಾಡಿ ಪರಮಾಣು ಸಂಖ್ಯೆ 35 ಅನ್ನು ಕಳೆದು, 45 ನ್ಯೂಟ್ರಾನ್ ಎಂದು ಬರೆದುಬಿಡುವುದು ಬಹಳ ಸುಲಭ. ಆದರೆ ನಿಸರ್ಗದ ಬ್ರೋಮಿನ್ ಎಂದರೆ ಹೆಚ್ಚುಕಡಿಮೆ ಅರ್ಧ ಭಾಗ ಬ್ರೋಮಿನ್-79, ಇನ್ನರ್ಧ ಬ್ರೋಮಿನ್-81. ಒಂದರಲ್ಲಿ 44 ನ್ಯೂಟ್ರಾನ್, ಇನ್ನೊಂದರಲ್ಲಿ 46. ನಾವು ಬರೆದ 45 ಇವೆರಡರಲ್ಲಿ ಯಾವುದಕ್ಕೂ ಸೇರದು. ಆದ್ದರಿಂದ ಐಸೋಟೋಪ್ ಯಾವುದೆಂದು ಹೇಳದೆ ನ್ಯೂಟ್ರಾನ್ ಎಷ್ಟೆಂದು ಕೇಳಿದರೆ, ಆ ಪ್ರಶ್ನೆಯೇ ಅಪೂರ್ಣವೆಂದು ನಾನು ಭಾವಿಸುತ್ತೇನೆ.

ಎಲೆಕ್ಟ್ರಾನ್‌ಗಳನ್ನು ಕೊನೆಗೆ ಎಣಿಸಬೇಕು. ಪ್ರೋಟಾನಿನ ಧನಾವೇಶವೂ ಎಲೆಕ್ಟ್ರಾನಿನ ಋಣಾವೇಶವೂ ಪ್ರಮಾಣದಲ್ಲಿ ಒಂದೇ, 1.602 × 10⁻¹⁹ ಕೂಲಂಬ್. ಹಾಗಾಗಿ ತಟಸ್ಥ ಪರಮಾಣುವಿನಲ್ಲಿ ಎರಡರ ಸಂಖ್ಯೆಯೂ ಸಮ. ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದುಕೊಂಡ ಪರಮಾಣುಗಳಾದ ಅಯಾನುಗಳಲ್ಲಿ ಮಾತ್ರ ಚಿಹ್ನೆಯನ್ನು ಎಚ್ಚರದಿಂದ ಓದಬೇಕು. ಕಬ್ಬಿಣದ ಅಯಾನಿನ ಮೇಲೆ 3+ ಎಂದಿದ್ದರೆ ಮೂರು ಎಲೆಕ್ಟ್ರಾನ್ ಸೇರಿವೆ ಎಂದಲ್ಲ, ಮೂರು ಹೋಗಿವೆ ಎಂದರ್ಥ, ಉಳಿದದ್ದು 23.

ಬರೆದ ಉತ್ತರವನ್ನು ಎರಡು ಲೆಕ್ಕಗಳಿಂದ ತಾಳೆ ನೋಡಬಹುದು. ಒಂದು ಋಣಾವೇಶವಿರುವ ಬ್ರೋಮಿನ್-81ರ ಅಯಾನಿಗೆ 35 ಪ್ರೋಟಾನ್, 46 ನ್ಯೂಟ್ರಾನ್, 36 ಎಲೆಕ್ಟ್ರಾನ್ ಎಂದು ಬಂದಿದ್ದರೆ, ಮೊದಲೆರಡನ್ನು ಕೂಡಿದಾಗ 81 ಬರಬೇಕು, ಪ್ರೋಟಾನ್‌ಗಳಿಂದ ಎಲೆಕ್ಟ್ರಾನ್‌ಗಳನ್ನು ಕಳೆದಾಗ −1 ಬರಬೇಕು.